ಸಕ್ಕರೆ ಧಾರಾಳ, ಕಬ್ಬಿಣ ಕೊರತೆ: ತಾಯಿಯ ಮಧುಮೇಹ ಮತ್ತು ಮಾಸು

ಮಧುಮೇಹವಿರುವ ತಾಯಿಗೆ ಹುಟ್ಟಿದ ಮಗು ಎಷ್ಟೋ ಸಲ ನೋಡಲು ಮೈತುಂಬಿಕೊಂಡಿರುತ್ತದೆ. ಕೆನ್ನೆ ಉಬ್ಬಿ, ಭುಜ ಅಗಲವಾಗಿ, ಬೆನ್ನಿನ ಮೇಲೆ ಕೊಬ್ಬು ಕೂತಿರುತ್ತದೆ. ತಕ್ಕಡಿ ಮೂರೂವರೆ, ನಾಲ್ಕು ಕಿಲೋ ತೋರಿಸಿದರೆ ಹೆರಿಗೆ ವಾರ್ಡಿನ ಹೊರಗೆ ಕಾದಿರುವ ಅಜ್ಜಿಯರ ಮುಖ ಅರಳುತ್ತದೆ. ಅದೇ ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷೆಗೆ ಕಳಿಸಿದರೆ ಬೇರೆಯದೇ ಸಂಗತಿ ಗೊತ್ತಾಗುತ್ತದೆ. ದೇಹದ ಕಬ್ಬಿಣದ ದಾಸ್ತಾನನ್ನು ಸೂಚಿಸುವ ಫೆರಿಟಿನ್ ಹಲವು ಮಕ್ಕಳಲ್ಲಿ ಕಡಿಮೆ ಇರುತ್ತದೆ. ಮಿದುಳು ಮತ್ತು ಕಣ್ಣು ಬೆಳೆಯಲು ಬೇಕಾದ ಡಿಎಚ್‌ಎ ಎಂಬ ಕೊಬ್ಬಿನಾಮ್ಲವೂ ಕಡಿಮೆಯೇ. ಹುಟ್ಟಿದ ಒಂದೆರಡು ಗಂಟೆಗಳಲ್ಲಿ ರಕ್ತದ ಸಕ್ಕರೆ ಕುಸಿಯುವುದೂ ಉಂಟು. ಒಂದೇ ಮಗು ಕೆಲವು ಪೋಷಕಾಂಶಗಳಲ್ಲಿ ಅಗತ್ಯ ಮೀರಿ ಉಂಡಿರುತ್ತದೆ, ಕೆಲವುಗಳಲ್ಲಿ ಹಸಿದಿರುತ್ತದೆ. ಈ ವಿಷಯದ ಮೇಲೆ ಎಪ್ಪತ್ತು ವರ್ಷಗಳಿಂದ ನಡೆದ ಕೆಲಸವನ್ನು ಒಟ್ಟಿಗೆ ಓದಿದಾಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದೇ. ನಮ್ಮ ಆಸ್ಪತ್ರೆಗಳಲ್ಲಿ ಮಾತ್ರ ಮಾತೆಲ್ಲ ಸಕ್ಕರೆಯ ಸುತ್ತಲೇ ನಡೆಯುತ್ತದೆ.

ತಾಯಿಯ ರಕ್ತವೂ ಮಗುವಿನ ರಕ್ತವೂ ನೇರವಾಗಿ ಬೆರೆಯುವುದಿಲ್ಲ. ನಡುವೆ ಇರುವುದು ಮಾಸು, ವೈದ್ಯರ ಮಾತಿನಲ್ಲಿ ಜರಾಯು. ದಿನ ತುಂಬುವ ಹೊತ್ತಿಗೆ ಇದರ ತೂಕ ಸುಮಾರು ಅರ್ಧ ಕಿಲೋ. ಅದರೊಳಗಿನ ಬೇರಿನಂಥ ಕವಲುಗಳನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 12 ಚದರ ಮೀಟರ್ ವಿಸ್ತಾರವಾಗುತ್ತದೆ. ಈ ಕವಲುಗಳನ್ನು ಹೊದ್ದಿರುವ ಒಂದು ಅಖಂಡ ಜೀವಕೋಶ ಪದರಕ್ಕೆ ಎರಡು ಪೊರೆಗಳಿವೆ: ತಾಯಿಯ ರಕ್ತದಲ್ಲಿ ತೊಯ್ದಿರುವ ಹೊರಪೊರೆ, ಮಗುವಿನ ರಕ್ತನಾಳಗಳ ಕಡೆಗಿರುವ ಒಳಪೊರೆ. ಯಾವ ಪೋಷಕಾಂಶವಾದರೂ ಈ ಎರಡನ್ನೂ ದಾಟಬೇಕು. ಆಮ್ಲಜನಕ ತಾನಾಗಿ ಸೋಸಿ ಹೋಗುತ್ತದೆ. ಗ್ಲೂಕೋಸಿಗೆ ಸಾಗಣೆ ಪ್ರೋಟೀನುಗಳ ಸಹಾಯ ಬೇಕು. ಅಮೈನೋ ಆಮ್ಲಗಳನ್ನು ಶಕ್ತಿ ವ್ಯಯಿಸಿ ಏರುಮುಖವಾಗಿ ತಳ್ಳಬೇಕಾಗುತ್ತದೆ. ಕೊಬ್ಬನ್ನು ಮೊದಲು ಒಡೆದು, ಆಮೇಲೆ ದಾಟಿಸಬೇಕು. ಮಧುಮೇಹ ಈ ದಾರಿಗಳೆಲ್ಲವನ್ನೂ ಒಂದೇ ಥರ ಬದಲಿಸುವುದಿಲ್ಲ. ಪ್ರಶ್ನೆ ಜಟಿಲವಾಗುವುದು ಅಲ್ಲಿ.

ಇದೆಲ್ಲ ಗೊತ್ತಾದ ಬಗೆಯನ್ನೂ ಹೇಳಬೇಕು. ಇಲಿ, ಕುರಿಗಳ ಮಾಸಿನ ರಚನೆ ಮನುಷ್ಯರದಕ್ಕಿಂತ ತುಂಬ ಬೇರೆ. ಹಾಗಾಗಿ ತಾಯಂದಿರ ಒಪ್ಪಿಗೆ ಪಡೆದು, ಹೆರಿಗೆಯಾದ ತಕ್ಷಣ ಮಾಸನ್ನು ಪ್ರಯೋಗಾಲಯಕ್ಕೆ ತರುತ್ತಾರೆ. ಅದರ ಒಂದು ಹಾಲೆಯ ಎರಡೂ ಬದಿಗೆ ದ್ರವ ಹರಿಸಿ, ಎಷ್ಟು ದಾಟಿತು ಎಂದು ಅಳೆಯುತ್ತಾರೆ. ಇಲ್ಲವೇ ಪೊರೆಯ ತುಣುಕುಗಳನ್ನು ಬೇರ್ಪಡಿಸಿ, ಅವುಗಳ ಸಾಗಣೆ ಶಕ್ತಿಯನ್ನು ಪರೀಕ್ಷಿಸುತ್ತಾರೆ. ಎರಡೂ ವಿಧಾನಗಳು ತೋರಿಸುವುದು ಒಂಬತ್ತನೇ ತಿಂಗಳ ಕೊನೆಯ ಸ್ಥಿತಿಯನ್ನು. ಮೂರನೇ ತಿಂಗಳಲ್ಲಿ ಏನಾಗಿತ್ತು ಎಂಬುದನ್ನು ಅವು ನೇರವಾಗಿ ಹೇಳಲಾರವು.

ಕತೆ ಶುರುವಾಗುವುದು ಗ್ಲೂಕೋಸಿನಿಂದ. 1952ರಲ್ಲಿ ಕೋಪನ್‌ಹೇಗನ್ನಿನ ವೈದ್ಯ ಯೋರ್ಗನ್ ಪೆಡರ್‌ಸನ್ ಒಂದು ವಿವರಣೆ ಮುಂದಿಟ್ಟರು. ತಾಯಿಯ ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಮಗುವಿಗೂ ಹೆಚ್ಚು ಸಕ್ಕರೆ ಹೋಗುತ್ತದೆ. ತಾಯಿಯ ಇನ್ಸುಲಿನ್ ಮಾಸನ್ನು ದಾಟುವುದಿಲ್ಲವಾದ್ದರಿಂದ ಮಗುವೇ ತನ್ನ ಮೇದೋಜೀರಕದಿಂದ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಗರ್ಭದಲ್ಲಿ ಇನ್ಸುಲಿನ್ ಬೆಳವಣಿಗೆಯ ಹಾರ್ಮೋನಿನಂತೆ ಕೆಲಸ ಮಾಡುವುದರಿಂದ ಮಗು ದಪ್ಪಗಾಗುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆಯ ಪೂರೈಕೆ ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಉಳಿದಿರುತ್ತದೆ. ನವಜಾತ ಶಿಶುವಿನ ಸಕ್ಕರೆ ಕುಸಿಯುವುದು ಇದರಿಂದ. ಇಷ್ಟು ಸರಳವಾದ ವಿವರಣೆ ಇಷ್ಟು ವರ್ಷ ನಿಂತಿರುವುದು ಅಪರೂಪ. ಒಂಬತ್ತು ದೇಶಗಳ ಸುಮಾರು 23,000 ಗರ್ಭಿಣಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಹಾಪೋ ಅಧ್ಯಯನ ಅದಕ್ಕೆ ದೊಡ್ಡ ಆಧಾರ ಕೊಟ್ಟಿತು. ತಾಯಿಯ ಸಕ್ಕರೆ ಏರಿದಂತೆಲ್ಲ ಮಗುವಿನ ತೂಕವೂ ಹೊಕ್ಕುಳಬಳ್ಳಿಯ ರಕ್ತದ ಸಿ-ಪೆಪ್ಟೈಡ್ ಮಟ್ಟವೂ ಏರುತ್ತ ಹೋದವು. ಸಿ-ಪೆಪ್ಟೈಡ್ ಎಂದರೆ ಮಗು ಸ್ವತಃ ತಯಾರಿಸಿದ ಇನ್ಸುಲಿನ್ನಿನ ಗುರುತು. ಇಷ್ಟರವರೆಗೆ ಸುರಕ್ಷಿತ, ಇಲ್ಲಿಂದಾಚೆಗೆ ಅಪಾಯ ಎನ್ನುವಂಥ ಗೆರೆ ಎಲ್ಲಿಯೂ ಸಿಗಲಿಲ್ಲ. ಆ ಒಂಬತ್ತು ದೇಶಗಳಲ್ಲಿ ಭಾರತ ಇರಲಿಲ್ಲ.

ಆದರೆ ಮಾಸಿನ ಪಾತ್ರ ಏನು? ಗ್ಲೂಕೋಸನ್ನು ದಾಟಿಸುವ ಮುಖ್ಯ ಪ್ರೋಟೀನು ಗ್ಲಟ್-1. ಅದು ತಾಯಿಯ ಕಡೆಯ ಪೊರೆಯಲ್ಲಿ ಹೇರಳವಾಗಿದೆ, ಮಗುವಿನ ಕಡೆಯ ಪೊರೆಯಲ್ಲಿ ಅದಕ್ಕಿಂತ ಬಹಳ ಕಡಿಮೆ ಇದೆ. ಎಷ್ಟು ಗ್ಲೂಕೋಸ್ ದಾಟಬೇಕು ಎಂಬುದನ್ನು ಮಿತಿಗೊಳಿಸುವುದು ಈ ಒಳಪೊರೆ. ಟೈಪ್ 1 ಮಧುಮೇಹವಿರುವ ತಾಯಂದಿರ ಮಾಸಿನಲ್ಲಿ ಒಳಪೊರೆಯ ಗ್ಲಟ್-1 ಹೆಚ್ಚಿರುವುದನ್ನು 1990ರ ದಶಕದ ಕೊನೆಯಲ್ಲಿ ಅಮೆರಿಕ ಮತ್ತು ಸ್ವೀಡನ್ನಿನ ಸಂಶೋಧಕರು ಕಂಡರು. ಗರ್ಭಾವಧಿಯಲ್ಲಷ್ಟೇ ಕಾಣಿಸಿಕೊಳ್ಳುವ ಮಧುಮೇಹದಲ್ಲಿ ದೊಡ್ಡ ಮಗು ಹುಟ್ಟಿದ್ದರೂ ಒಳಪೊರೆಯ ಗ್ಲೂಕೋಸ್ ಸಾಗಣೆ ಬದಲಾಗಿರಲಿಲ್ಲ. ಹಾಗಿದ್ದರೆ ಸಕ್ಕರೆ ಹತೋಟಿಯಲ್ಲಿದ್ದ ತಾಯಂದಿರಿಗೂ ದಪ್ಪ ಮಕ್ಕಳು ಏಕೆ ಹುಟ್ಟುತ್ತವೆ?

ಆಸ್ಟ್ರಿಯದ ಗ್ರಾಟ್ಸ್ ನಗರದ ಗೆರ್ನೋಟ್ ಡೆಸೋಯೆ ಮತ್ತು ಆಸ್ಟ್ರೇಲಿಯದ ಕ್ರಿಸ್ಟೋಫರ್ ನೋಲನ್ 2016ರಲ್ಲಿ ಕೊಟ್ಟ ಉತ್ತರ ನನಗೆ ಒಪ್ಪಿಗೆಯಾಗುತ್ತದೆ. ಗ್ಲೂಕೋಸ್ ಹರಿಯುವುದು ಮಟ್ಟದ ವ್ಯತ್ಯಾಸದಿಂದ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಮಡೆ ಬಿಟ್ಟಾಗ, ಮೇಲೆ ನೀರು ಸಾಧಾರಣವಾಗಿಯೇ ಇದ್ದರೂ ಕೆಳಗಿನ ಮಣ್ಣು ನೀರನ್ನು ಬೇಗ ಬೇಗ ಹೀರುತ್ತಿದ್ದರೆ ಹರಿವು ನಿಲ್ಲುವುದಿಲ್ಲ. ಒಮ್ಮೆ ಮಗುವಿನ ಇನ್ಸುಲಿನ್ ಏರಿತೆಂದರೆ ಅದರ ದೇಹ ಗ್ಲೂಕೋಸನ್ನು ಬೇಗ ಬಳಸಿ ಕೊಬ್ಬಾಗಿಸುತ್ತದೆ, ಅದರ ರಕ್ತದ ಮಟ್ಟ ತಗ್ಗಿಯೇ ಉಳಿಯುತ್ತದೆ, ತಾಯಿಯಿಂದ ಮತ್ತಷ್ಟು ಇಳಿಯುತ್ತಲೇ ಇರುತ್ತದೆ. ತಾಯಿಯ ವರದಿ ಚೆನ್ನಾಗಿ ಬಂದರೂ ಮಗು ಸೆಳೆಯುವುದನ್ನು ನಿಲ್ಲಿಸಿರುವುದಿಲ್ಲ. ಎಚ್ಚರಿಕೆಯಿಂದ ಪಥ್ಯ ಮಾಡಿದ ಎಷ್ಟೋ ತಾಯಂದಿರು ಮಗು ದಪ್ಪಗೆ ಹುಟ್ಟಿದಾಗ, ಕದ್ದು ಸಿಹಿ ತಿಂದಿರಬೇಕು ಎಂಬ ಮಾತು ಕೇಳಬೇಕಾಗುತ್ತದೆ. ಅದು ಅನ್ಯಾಯದ ಮಾತು. ಮಗುವಿನ ಮೇದೋಜೀರಕ ತೀರ ಮೊದಲೇ ಎಚ್ಚೆತ್ತಿದ್ದರೆ ತಾಯಿ ಆಮೇಲೆ ಮಾಡಿದ ಪಥ್ಯಕ್ಕೆ ಪೂರ್ಣ ಫಲ ಸಿಗದೆ ಹೋಗಬಹುದು.

ಅಮೈನೋ ಆಮ್ಲಗಳ ವಿಚಾರದಲ್ಲಿ ಸಂಶೋಧಕರಲ್ಲೇ ಒಮ್ಮತವಿಲ್ಲ. ಇವು ಮಗುವಿನ ರಕ್ತದಲ್ಲಿ ತಾಯಿಯ ರಕ್ತಕ್ಕಿಂತ ಹೆಚ್ಚು ಸಾಂದ್ರವಾಗಿರುತ್ತವೆ. ಹಾಗಾಗಿ ಸಾಗಣೆ ವ್ಯವಸ್ಥೆ ಎಷ್ಟು ಚುರುಕಾಗಿದೆ ಎಂಬುದೇ ಮುಖ್ಯ. 1994ರಲ್ಲಿ ಮ್ಯಾಂಚೆಸ್ಟರಿನ ತಂಡ, ಮಧುಮೇಹಿ ತಾಯಂದಿರ ದೊಡ್ಡ ಮಕ್ಕಳ ಮಾಸಿನಲ್ಲಿ ‘ಸಿಸ್ಟಂ ಎ’ ಎಂಬ ಸಾಗಣೆ ವ್ಯವಸ್ಥೆ ಕುಗ್ಗಿದೆ ಎಂದಿತು. 2002ರಲ್ಲಿ ತೋಮಸ್ ಯಾನ್ಸನ್ ಅವರ ಸ್ವೀಡಿಷ್ ತಂಡ ಅದೇ ವ್ಯವಸ್ಥೆ ಹಿಗ್ಗಿದೆ ಎಂದು ತೋರಿಸಿತು. ಎರಡೂ ಎಚ್ಚರದಿಂದ ಮಾಡಿದ ಕೆಲಸಗಳು. ಮಧುಮೇಹ ಯಾವ ಬಗೆಯದು, ಸಕ್ಕರೆ ಎಷ್ಟು ಹತೋಟಿಯಲ್ಲಿತ್ತು, ತಾಯಿಯ ತೂಕ ಎಷ್ಟು ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ ಎಂದು ನನಗನ್ನಿಸುತ್ತದೆ. ಮುಂದೆ ಯಾನ್ಸನ್ ಮತ್ತು ಥೆರೆಸಾ ಪೊವೆಲ್, ಎಂಟಾರ್ ಎಂಬ ಜೀವಕೋಶದ ಸಂಕೇತ ಜಾಲ ತಾಯಿಯ ಪೋಷಣೆಯ ಸ್ಥಿತಿಯನ್ನು ಗ್ರಹಿಸಿ ಈ ಸಾಗಣೆಯನ್ನು ಏರಿಳಿಸುತ್ತದೆ ಎಂದು ತೋರಿಸಿದರು. ಅಂದರೆ ಮಾಸು ಬಂದದ್ದನ್ನು ಸುಮ್ಮನೆ ದಾಟಿಸುವುದಿಲ್ಲ, ಎರಡೂ ಕಡೆಯ ಸುದ್ದಿ ಕೇಳಿ ತನ್ನ ಕೆಲಸ ಬದಲಿಸಿಕೊಳ್ಳುತ್ತದೆ.

ಪೆಡರ್‌ಸನ್ನರ ಚಿತ್ರವನ್ನು ಸಕ್ಕರೆಯಾಚೆಗೆ ಹಿಗ್ಗಿಸಿದವರು ಷಿಕಾಗೋದ ನಾರ್ಬರ್ಟ್ ಫ್ರೈಂಕೆಲ್. 1980ರ ತಮ್ಮ ಬ್ಯಾಂಟಿಂಗ್ ಉಪನ್ಯಾಸದಲ್ಲಿ ಅವರು ಅಮೈನೋ ಆಮ್ಲ, ಕೊಬ್ಬು, ಕೀಟೋನುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದರು. ಈ ಇಂಧನಗಳ ಏರುಪೇರು ಮಗುವಿನ ಅಂಗಾಂಗಗಳ ಮೇಲೆ ಜೀವಮಾನದ ಗುರುತು ಬಿಡಬಹುದು ಎಂಬುದು ಅವರ ಮಾತಿನ ತಿರುಳು. ಕೊಬ್ಬಿನ ವಿಷಯದಲ್ಲಿ ಅದು ಚೆನ್ನಾಗಿ ಅನ್ವಯಿಸುತ್ತದೆ. ತಾಯಿಯ ರಕ್ತದ ಟ್ರೈಗ್ಲಿಸರೈಡ್ ಹಾಗೆಯೇ ದಾಟಲಾರದು. ಮಾಸಿನ ಮೇಲ್ಮೈಯ ಲೈಪೇಸ್ ಕಿಣ್ವಗಳು ಅದನ್ನು ಒಡೆದು ಕೊಬ್ಬಿನಾಮ್ಲಗಳನ್ನು ಬಿಡಿಸುತ್ತವೆ. ಟೈಪ್ 1 ಮಧುಮೇಹದಲ್ಲಿ ದೊಡ್ಡ ಮಗು ಹುಟ್ಟಿದಾಗ ಈ ಕಿಣ್ವದ ಚಟುವಟಿಕೆ ಏರಿರುತ್ತದೆ. ಕೊಬ್ಬಿನಾಮ್ಲಗಳನ್ನು ಒಳಗೆ ಹೊತ್ತೊಯ್ಯುವ ಪ್ರೋಟೀನು ಗರ್ಭಾವಧಿಯ ಮಧುಮೇಹದಲ್ಲೂ ಹೆಚ್ಚಿರುತ್ತದೆ. ಒಟ್ಟು ಕೊಬ್ಬು ಹೀಗೆ ಹೆಚ್ಚುತ್ತದೆ, ಆದರೆ ಮಗುವಿಗೆ ಬಹಳ ಬೇಕಾದ ಡಿಎಚ್‌ಎ ಮಾತ್ರ ಹೆಚ್ಚುವುದಿಲ್ಲ. ಸ್ಪೇನಿನ ಮುರ್ಸಿಯಾದಲ್ಲಿ ಎಲ್ವಿರಾ ಲಾರ್ಕೆ ಅವರ ತಂಡ ಗುರುತು ಹಚ್ಚಿದ ಕೊಬ್ಬಿನಾಮ್ಲಗಳನ್ನು ಹೆರಿಗೆಗೆ ಮುನ್ನ ತಾಯಂದಿರಿಗೆ ಕೊಟ್ಟು, ಹೊಕ್ಕುಳಬಳ್ಳಿಯಲ್ಲಿ ಎಷ್ಟು ಸಿಕ್ಕಿತೆಂದು ಅಳೆಯಿತು. ಗರ್ಭಾವಧಿಯ ಮಧುಮೇಹದಲ್ಲಿ ಡಿಎಚ್‌ಎ ದಾಟುವುದು ಕುಂಠಿತವಾಗಿತ್ತು. ಅದನ್ನು ಸಾಗಿಸುವ ಒಂದು ಪ್ರೋಟೀನು ಮಾಸಿನಲ್ಲೇ ಕಡಿಮೆಯಾಗಿರುವುದನ್ನು ಅವರೇ ಮುಂದೆ ಕಂಡರು. ಮೀನು ತಿನ್ನುವ ಕರಾವಳಿಯ ತಾಯಿಗೆ ಊಟದಲ್ಲಿ ಡಿಎಚ್‌ಎ ಸ್ವಲ್ಪವಾದರೂ ಸಿಗುತ್ತದೆ. ಬಯಲುಸೀಮೆಯ ಸಸ್ಯಾಹಾರಿ ತಾಯಿಯ ಊಟದಲ್ಲಿ ಅದು ಮೊದಲೇ ವಿರಳ. ಅವಳಿಗೆ ಮಧುಮೇಹವೂ ಬಂದರೆ ಮಗುವಿನ ಪಾಲು ಎರಡು ಕಡೆಯಿಂದ ಕತ್ತರಿಸಿ ಹೋಗುತ್ತದೆ.

ಈಗ ಕಬ್ಬಿಣ. ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲಿ.

ಮಗುವಿನ ಇನ್ಸುಲಿನ್ ಏರಿದಾಗ ಅದರ ದೇಹದ ಕೆಲಸವೆಲ್ಲ ವೇಗ ಪಡೆಯುತ್ತದೆ, ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಮಾಸು ಅಷ್ಟು ಒದಗಿಸಲಾರದು. ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ ಎಂಬುದೂ ಒಂದು ಕಾರಣ. ಆಮ್ಲಜನಕದ ಕೊರತೆಯಲ್ಲಿ ಸಿಕ್ಕಿಕೊಂಡ ಮಗು ಎರಿಥ್ರೊಪೊಯೆಟಿನ್ ಹಾರ್ಮೋನನ್ನು ಹೆಚ್ಚಿಸಿ ಕೆಂಪು ರಕ್ತಕಣಗಳನ್ನು ಭರಭರನೆ ತಯಾರಿಸುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್ನಿಗೆ ಸುಮಾರು ಮೂರೂವರೆ ಮಿಲಿಗ್ರಾಂ ಕಬ್ಬಿಣ ಬೇಕು. ಬೇಡಿಕೆ ಹೀಗೆ ಏರುವ ಹೊತ್ತಿಗೆ ಮಾಸಿನಲ್ಲಿ ಕಬ್ಬಿಣವನ್ನು ಹಿಡಿದುಕೊಳ್ಳುವ ಟ್ರಾನ್ಸ್‌ಫೆರಿನ್ ಗ್ರಾಹಕಗಳಿಗೆ ಸಕ್ಕರೆಯ ಸರಪಳಿ ಹೆಚ್ಚಾಗಿ ಅಂಟಿಕೊಂಡು, ಅವುಗಳ ಹಿಡಿತ ಸಡಿಲವಾಗಿರುತ್ತದೆ. ಬಂದಷ್ಟು ಕಬ್ಬಿಣ ಮೊದಲು ರಕ್ತಕಣಗಳಿಗೆ ಹೋಗುತ್ತದೆ, ಯಕೃತ್ತು, ಹೃದಯ, ಮಿದುಳು ಬರಿದಾಗುತ್ತವೆ. ಅಮೆರಿಕದ ಮಿನ್ನೆಸೋಟದ ಮಕ್ಕಳ ವೈದ್ಯ ಮೈಕೆಲ್ ಜಾರ್ಜಿಯೆಫ್ ತಮ್ಮ ವೃತ್ತಿಜೀವನದ ಬಹುಭಾಗವನ್ನು ಈ ಪ್ರಶ್ನೆಗೆ ಕೊಟ್ಟವರು. ಅವರ ತಂಡ 1992ರಲ್ಲಿ, ಹುಟ್ಟಿನ ಆಸುಪಾಸಿನಲ್ಲಿ ತೀರಿಕೊಂಡಿದ್ದ ಮಧುಮೇಹಿ ತಾಯಂದಿರ ಮಕ್ಕಳ ಅಂಗಗಳನ್ನು ಪರೀಕ್ಷಿಸಿದಾಗ ಯಕೃತ್ತಿನ ಕಬ್ಬಿಣ ಬಹುತೇಕ ಖಾಲಿಯಾಗಿತ್ತು, ಮಿದುಳಿನ ಕಬ್ಬಿಣ ಸುಮಾರು ಶೇ. 40ರಷ್ಟು ಕಡಿಮೆಯಾಗಿತ್ತು.

ಇಲ್ಲೊಂದು ಮೋಸದ ಸಂಗತಿಯೂ ಇದೆ. ಇಂಥ ಮಗುವಿನ ಹಿಮೋಗ್ಲೋಬಿನ್ ಅಳೆದರೆ ಚೆನ್ನಾಗಿಯೇ ಇರುತ್ತದೆ, ಹೆಚ್ಚೂ ಇರುತ್ತದೆ. ಮಗು ಕೆಂಪಗೆ ಕಾಣುತ್ತದೆ. ರಕ್ತಹೀನತೆ ಇಲ್ಲ ಎಂದು ಬರೆದು ಮನೆಗೆ ಕಳಿಸುತ್ತೇವೆ. ಕೊರತೆ ಇರುವುದು ಕಣ್ಣಿಗೂ ಸಾಮಾನ್ಯ ರಕ್ತ ಪರೀಕ್ಷೆಗೂ ಸಿಗದ ಜಾಗದಲ್ಲಿ. ಅದರ ಪರಿಣಾಮ ಏನು ಎಂಬುದನ್ನು ಅದೇ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸುತ್ತದೆ. ನವಜಾತ ಶಿಶುಗಳಿಗೆ ತಾಯಿಯ ದನಿಯನ್ನೂ ಅಪರಿಚಿತ ಹೆಂಗಸಿನ ದನಿಯನ್ನೂ ಕೇಳಿಸಿ, ಮಿದುಳಿನ ವಿದ್ಯುತ್ ಸ್ಪಂದನವನ್ನು ದಾಖಲಿಸಲಾಯಿತು. ಕಬ್ಬಿಣದ ದಾಸ್ತಾನು ಸಾಕಷ್ಟಿದ್ದ ಶಿಶುಗಳ ಮಿದುಳು ಎರಡು ದನಿಗಳಿಗೆ ಬೇರೆ ಬೇರೆಯಾಗಿ ಸ್ಪಂದಿಸಿತು. ಮಧುಮೇಹಿ ತಾಯಂದಿರಿಗೆ ಕಬ್ಬಿಣದ ಕೊರತೆಯೊಂದಿಗೆ ಹುಟ್ಟಿದ ಶಿಶುಗಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಗರ್ಭದಲ್ಲಿದ್ದಾಗ ಕೇಳಿದ ದನಿಯ ಗುರುತು ಆ ಮಿದುಳಿನಲ್ಲಿ ಸರಿಯಾಗಿ ಉಳಿದಿರಲಿಲ್ಲ. ಮಿದುಳಿನ ನೆನಪಿನ ಭಾಗ ಕಬ್ಬಿಣದ ಕೊರತೆಗೆ ಬಹುಬೇಗ ತುತ್ತಾಗುತ್ತದೆ ಎಂಬುದು ಪ್ರಾಣಿ ಪ್ರಯೋಗಗಳಿಂದಲೂ ಗೊತ್ತಿದೆ.

ಇವು ಅಮೆರಿಕದ ಮಕ್ಕಳ ವಿಷಯ. ಅವರ ತಾಯಂದಿರಲ್ಲಿ ಹೆಚ್ಚಿನವರಿಗೆ ಕಬ್ಬಿಣದ ಕೊರತೆ ತೀವ್ರವಾಗಿರುವುದಿಲ್ಲ. ಭಾರತದಲ್ಲಿ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗರ್ಭಿಣಿಯರಲ್ಲಿ ಶೇ. 52 ಮಂದಿಗೆ ರಕ್ತಹೀನತೆ ಇದೆ. ರಕ್ತಹೀನ ತಾಯಿಗೆ ಮಧುಮೇಹವೂ ಬಂದಾಗ ಮಗುವಿನ ಮಿದುಳಿನ ಪಾಲಿಗೆ ಎಷ್ಟು ಉಳಿಯುತ್ತದೆ ಎಂಬುದು ಕೇಳಲೇಬೇಕಾದ ಪ್ರಶ್ನೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಈ ಮಕ್ಕಳಲ್ಲಿ ಕಡಿಮೆಯಾಗುವುದುಂಟು. ಅವುಗಳನ್ನು ಮೊದಲ ದಿನಗಳಲ್ಲೇ ಗುರುತಿಸಿ ಸರಿಪಡಿಸಬಹುದು.

ಮಧುಮೇಹ ಎಂದರೆ ದೊಡ್ಡ ಮಗು ಎಂಬ ಸಮೀಕರಣ ಎಲ್ಲ ಕಡೆ ಹೊಂದುವುದಿಲ್ಲ. ಬಹುಕಾಲದ ಮಧುಮೇಹದಿಂದ ರಕ್ತನಾಳ, ಮೂತ್ರಪಿಂಡ ಕೆಟ್ಟಿರುವ ತಾಯಂದಿರಲ್ಲಿ ಮಾಸಿಗೆ ರಕ್ತದ ಹರಿವೇ ಕುಗ್ಗಿ, ಮಗು ಸಣ್ಣದಾಗಿ ಹುಟ್ಟಬಹುದು. ಬಾಸ್ಟನ್ನಿನ ಜಾಸ್ಲಿನ್ ಕ್ಲಿನಿಕ್ಕಿನ ಪ್ರಿಸಿಲ್ಲಾ ವೈಟ್ 1949ರಲ್ಲಿ ಮಧುಮೇಹಿ ಗರ್ಭಿಣಿಯರನ್ನು ಕಾಯಿಲೆಯ ಅವಧಿ ಮತ್ತು ರಕ್ತನಾಳಗಳ ಸ್ಥಿತಿಯ ಮೇಲೆ ವರ್ಗೀಕರಿಸಿದ್ದು ಇಂಥ ಭೇದಗಳು ತಿಳಿಯಲೆಂದೇ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಮಕ್ಕಳ ಸರಾಸರಿ ಜನನ ತೂಕವೇ ಮೂರು ಕಿಲೋಗಿಂತ ಕಡಿಮೆ. ಪುಣೆಯಲ್ಲಿ ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಗ್ರಾಮೀಣ ಮಕ್ಕಳನ್ನು ಇಂಗ್ಲೆಂಡಿನ ಮಕ್ಕಳೊಂದಿಗೆ ಹೋಲಿಸಿ, ಇಲ್ಲಿಯ ಮಕ್ಕಳು ತೂಕದಲ್ಲಿ, ಸ್ನಾಯುವಿನಲ್ಲಿ ಸಣ್ಣಗಿದ್ದರೂ ಚರ್ಮದಡಿಯ ಕೊಬ್ಬಿನಲ್ಲಿ ಅಷ್ಟೇನೂ ಹಿಂದಿಲ್ಲವೆಂದು ತೋರಿಸಿತು. ಮೈಸೂರಿನ ಶಿಶುಗಳಲ್ಲೂ ಅದೇ ಕಂಡಿತು. ಅಂಥ ದೇಹದಲ್ಲಿ 3.2 ಕಿಲೋ ತೂಗುವ ಮಗು ಯಾವ ಪಠ್ಯದ ಪ್ರಕಾರವೂ ದಪ್ಪ ಮಗುವಲ್ಲ. ಆದರೂ ಅದು ಮಧುಮೇಹದ ಹೆಚ್ಚುವರಿ ಕೊಬ್ಬನ್ನು ಹೊತ್ತಿರಬಹುದು. ನಾಲ್ಕು ಕಿಲೋ ಎಂಬ ಪಾಶ್ಚಾತ್ಯ ಗೆರೆಯನ್ನು ಇಲ್ಲಿ ಹಿಡಿದು ಕೂತರೆ ಹಲವು ಮಕ್ಕಳು ತಪ್ಪಿಹೋಗುತ್ತವೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭವಾದ ಪಾರ್ಥೆನಾನ್ ಅಧ್ಯಯನ ಈ ವಿಷಯದಲ್ಲಿ ಜಗತ್ತೇ ಗಮನಿಸುವ ಕೆಲಸ. ಜಿ.ವಿ. ಕೃಷ್ಣವೇಣಿ, ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ಮಕ್ಕಳನ್ನು ಬಿಡದೆ ಹಿಂಬಾಲಿಸಿದರು. ಪರೀಕ್ಷೆಗೊಳಗಾದ ತಾಯಂದಿರಲ್ಲಿ ಶೇ. 6.2 ಮಂದಿಗೆ ಗರ್ಭಾವಧಿಯ ಮಧುಮೇಹವಿತ್ತು. ಅವರ ಮಕ್ಕಳು ಹುಟ್ಟುವಾಗಲೇ ದೊಡ್ಡವು, ಒಂಬತ್ತೂವರೆ ವಯಸ್ಸಿನಲ್ಲಿ ಅವರ ಮೈಯಲ್ಲಿ ಕೊಬ್ಬು ಹೆಚ್ಚು, ಇನ್ಸುಲಿನ್ ಪ್ರತಿರೋಧವೂ ಹೆಚ್ಚು. ತಂದೆಗೆ ಮಧುಮೇಹವಿದ್ದ ಮಕ್ಕಳನ್ನೂ ಅವರು ಹೋಲಿಕೆಗೆ ತೆಗೆದುಕೊಂಡಿದ್ದರು. ಆ ಮಕ್ಕಳಲ್ಲಿ ಇಂಥ ಬದಲಾವಣೆ ಕಡಿಮೆ ಪ್ರಮಾಣದಲ್ಲಿ ಕಂಡಿತು. ಕಾರಣ ವಂಶವಾಹಿ ಮಾತ್ರ ಆಗಿದ್ದರೆ ತಂದೆಯ ಕಡೆಯಿಂದಲೂ ಅದು ಅಷ್ಟೇ ಬಲವಾಗಿ ಬರಬೇಕಿತ್ತು. ಅರಿಜೋನಾದ ಪೀಮಾ ಬುಡಕಟ್ಟಿನಲ್ಲಿ ಡಾನಾ ಡಬೆಲಿಯಾ ಮತ್ತು ಡೇವಿಡ್ ಪೆಟಿಟ್ ಮುಂತಾದವರು 2000ದಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಇನ್ನೊಂದು ದಾರಿಯಿಂದ ಹೇಳುತ್ತದೆ. ಒಂದೇ ತಾಯಿಯ ಮಕ್ಕಳಲ್ಲಿ, ತಾಯಿಗೆ ಮಧುಮೇಹ ಬಂದ ಮೇಲೆ ಹುಟ್ಟಿದವರಿಗೆ ಮೊದಲು ಹುಟ್ಟಿದವರಿಗಿಂತ ಮಧುಮೇಹದ ಸಂಭವ 3.7 ಪಟ್ಟು ಹೆಚ್ಚಿತ್ತು. ಮೈಸೂರಿನಲ್ಲಿ ಅಂದು ಹುಟ್ಟಿದ ಹೆಣ್ಣುಮಕ್ಕಳು ಈಗ ತಾವೇ ತಾಯಂದಿರಾಗುವ ವಯಸ್ಸಿಗೆ ಬಂದಿದ್ದಾರೆ.

ಅದೇ ಮೈಸೂರಿನ ದಾಖಲೆಗಳಿಂದ ಬಂದ ಇನ್ನೊಂದು ಸಂಗತಿ ಬಿ12ರದು. ಗರ್ಭಿಣಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಈ ಜೀವಸತ್ವದ ಕೊರತೆಯಿತ್ತು, ಕೊರತೆಯಿದ್ದವರಲ್ಲಿ ಮಧುಮೇಹವೂ ಹೆಚ್ಚಿತ್ತು. ಮಗುವಿನ ಬಿ12 ಮಟ್ಟ ತಾಯಿಯದನ್ನೇ ಅನುಸರಿಸುತ್ತದೆ. ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೆ ಇನ್ಸುಲಿನ್ ಪ್ರತಿರೋಧ ಹೆಚ್ಚಿದ್ದುದನ್ನು ಪುಣೆಯ ತಂಡ 2008ರಲ್ಲಿ ವರದಿ ಮಾಡಿತು. ನಾವು ಗರ್ಭಿಣಿಯರಿಗೆ ಫೋಲಿಕ್ ಆಮ್ಲವನ್ನು ತಪ್ಪದೆ ಕೊಡುತ್ತೇವೆ. ಬಿ12 ಅಳೆಯುವುದು ತೀರ ಕಡಿಮೆ.

ಚಿಕಿತ್ಸೆಯಿಂದ ಲಾಭವಿದೆ ಎಂಬುದರಲ್ಲಿ ಸಂಶಯವಿಲ್ಲ. 2005ರ ಆಸ್ಟ್ರೇಲಿಯದ ಅಕೋಯಿಸ್ ಪ್ರಯೋಗದಲ್ಲಿ ಚಿಕಿತ್ಸೆ ಪಡೆದವರಲ್ಲಿ ಮಗುವಿನ ಗಂಭೀರ ತೊಂದರೆಗಳು ಶೇ. 4ರಿಂದ 1ಕ್ಕೆ ಇಳಿದವು. ಔಷಧಿಯ ಆಯ್ಕೆಯಲ್ಲೂ ಮಾಸಿನ ವಿಚಾರ ಬರುತ್ತದೆ. ಇನ್ಸುಲಿನ್ ದಾಟುವುದಿಲ್ಲ. ಮೆಟ್‌ಫಾರ್ಮಿನ್ ಸಲೀಸಾಗಿ ದಾಟಿ, ಮಗುವಿನ ರಕ್ತದಲ್ಲಿ ಹೆಚ್ಚುಕಡಿಮೆ ತಾಯಿಯಷ್ಟೇ ಮಟ್ಟ ತಲುಪುತ್ತದೆ. 2020ರಲ್ಲಿ ಪ್ರಕಟವಾದ ಮೈಟಿ ಪ್ರಯೋಗದಲ್ಲಿ ಟೈಪ್ 2 ಮಧುಮೇಹವಿದ್ದ ತಾಯಂದಿರಿಗೆ ಇನ್ಸುಲಿನ್ನಿನ ಜೊತೆ ಮೆಟ್‌ಫಾರ್ಮಿನ್ ಕೊಟ್ಟಾಗ ತಾಯಿಯ ತೂಕ, ಸಕ್ಕರೆ ಸುಧಾರಿಸಿದವು, ಅತಿ ದೊಡ್ಡ ಮಕ್ಕಳು ಕಡಿಮೆಯಾದವು, ಆದರೆ ತೀರ ಸಣ್ಣ ಮಕ್ಕಳು ಹೆಚ್ಚಾದವು. ಬಹುಕಾಲ ಸೇವಿಸಿದರೆ ಮೆಟ್‌ಫಾರ್ಮಿನ್ ಬಿ12 ಹೀರಿಕೆಯನ್ನೂ ತಗ್ಗಿಸುತ್ತದೆ. ಮಾತ್ರೆ ಅಗ್ಗ, ಸೂಜಿಯ ಭಯವಿಲ್ಲ, ಬಡ ಕುಟುಂಬಗಳಿಗೆ ಅದು ದೊಡ್ಡ ಅನುಕೂಲ ಎಂಬುದನ್ನು ಒಪ್ಪುತ್ತಲೇ ಹೇಳುತ್ತೇನೆ: ಮಕ್ಕಳು ಸಣ್ಣಗೆ ಹುಟ್ಟುವ, ಬಿ12 ಕೊರತೆ ಸಾಮಾನ್ಯವಾದ ನಾಡಿನಲ್ಲಿ ಈ ಮಾತ್ರೆಯನ್ನು ಪರೀಕ್ಷೆಯಿಲ್ಲದೆ ಬರೆಯಬಾರದು.

ಸಮಯದ ಪ್ರಶ್ನೆಯೂ ಉಳಿದಿದೆ. ಮೊದಲ ಮೂರು ತಿಂಗಳಲ್ಲಿ ಮಾಸಿನ ಇನ್ಸುಲಿನ್ ಗ್ರಾಹಕಗಳು ತಾಯಿಯ ಕಡೆಗಿರುತ್ತವೆ. ದಿನ ತುಂಬುವ ಹೊತ್ತಿಗೆ ಅವು ಹೆಚ್ಚಾಗಿ ಮಗುವಿನ ರಕ್ತನಾಳಗಳ ಕಡೆಗೆ ಸರಿದಿರುತ್ತವೆ. ಅಂದರೆ ಮಾಸು ಕಟ್ಟಿಕೊಳ್ಳುವ ಹೊತ್ತಿನಲ್ಲಿ ಅದು ಕೇಳುವುದು ತಾಯಿಯ ಹಾರ್ಮೋನುಗಳ ಮಾತನ್ನು. ಸಾಮಾನ್ಯವಾಗಿ ಪರೀಕ್ಷೆ ನಡೆಯುವುದು 24ರಿಂದ 28ನೇ ವಾರದಲ್ಲಿ. ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ, ಮಧುಮೇಹ ಪತ್ತೆಯಾಗುವ ಮುಂಚೆಯೇ, 20ರಿಂದ 28ನೇ ವಾರದೊಳಗೆ ಮಗುವಿನ ಹೊಟ್ಟೆಯ ಸುತ್ತಳತೆ ಅತಿಯಾಗಿ ಬೆಳೆಯತೊಡಗಿದ್ದನ್ನು ಸ್ಕ್ಯಾನಿಂಗ್‌ನಲ್ಲಿ ಕಂಡರು. ಭಾರತದ ತಾಯಂದಿರೂ ಭಾಗವಹಿಸಿದ್ದ 2023ರ ಟೊಬೊಗ್ಮ್ ಪ್ರಯೋಗದಲ್ಲಿ 20ನೇ ವಾರಕ್ಕೆ ಮುಂಚೆ ಚಿಕಿತ್ಸೆ ಆರಂಭಿಸಿದಾಗ ನವಜಾತ ಶಿಶುಗಳ ತೊಂದರೆಗಳು ಶೇ. 30.5ರಿಂದ 24.9ಕ್ಕೆ ಇಳಿದವು. ಈ ವಿಷಯದಲ್ಲಿ ನಮ್ಮ ದೇಶದ ಮಾರ್ಗಸೂಚಿ ಮುಂದಿದೆ. ಚೆನ್ನೈನ ವಿ. ಶೇಷಯ್ಯ ಅವರ ದೀರ್ಘ ಶ್ರಮದಿಂದ ಬಂದ ವಿಧಾನದಂತೆ, ಗರ್ಭಿಣಿ ಮೊದಲ ಸಲ ಆಸ್ಪತ್ರೆಗೆ ಬಂದ ದಿನವೇ, ಊಟ ಮಾಡಿದ್ದರೂ ಸರಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡಬೇಕು. 140 ಮಿಲಿಗ್ರಾಂ ಮುಟ್ಟಿದರೆ ಅದು ಮಧುಮೇಹ. ಬರಿಹೊಟ್ಟೆಯಲ್ಲಿ ಎರಡು ಬಸ್ ಬದಲಿಸಿ ಬರಲಾರದ ಹಳ್ಳಿಯ ಬಸುರಿಗೆ ಇದು ನಿಜವಾದ ಉಪಕಾರ. ಮೊದಲ ಭೇಟಿಯೇ ಐದನೇ ತಿಂಗಳಲ್ಲಿ ಆದರೆ ಮಾತ್ರ ಆ ಉಪಕಾರ ಅರ್ಧ ವ್ಯರ್ಥ.

ಕರ್ನಾಟಕದ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ನೂ ಸಕ್ಕರೆಯೂ ದಾಖಲಾಗುತ್ತವೆ. ಇವೆರಡನ್ನೂ ಒಟ್ಟಿಗೆ ಓದುವ ಅಭ್ಯಾಸ ಬರಬೇಕು. ಎರಡೂ ಕೆಟ್ಟಿದ್ದರೆ ಹೆರಿಗೆಯ ಹೊತ್ತಿಗೆ ಹೊಕ್ಕುಳಬಳ್ಳಿಯ ರಕ್ತದಲ್ಲಿ ಫೆರಿಟಿನ್ ನೋಡಬೇಕು. ಅದಕ್ಕೆಂದು ಮಗುವಿಗೆ ಸೂಜಿ ಚುಚ್ಚಬೇಕಾಗಿಲ್ಲ, ಹೇಗೂ ಎಸೆಯುವ ರಕ್ತವೇ ಸಾಕು. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಕಬ್ಬಿಣದ ಸಿರಪ್ ಶುರುವಾಗುವುದು ಆರು ತಿಂಗಳು ತುಂಬಿದ ಮೇಲೆ. ದಾಸ್ತಾನಿನೊಂದಿಗೆ ಹುಟ್ಟಿದ ಮಗುವಿಗೆ ಅದು ಸರಿಯಾದ ಲೆಕ್ಕ. ಬರಿದಾದ ಯಕೃತ್ತಿನೊಂದಿಗೆ ಹುಟ್ಟಿದ, ಮೈತುಂಬಿದ ಮಗುವಿಗೆ ಎಷ್ಟು ಬೇಗ ಕಬ್ಬಿಣ ಕೊಡಬೇಕು ಎಂಬುದನ್ನು ಮಕ್ಕಳ ವೈದ್ಯರು ಆ ವರದಿ ನೋಡಿ ನಿರ್ಧರಿಸಬಹುದು, ವರದಿ ಕೈಯಲ್ಲಿದ್ದರೆ.